ಸ್ಪೀಡ್ ಟೆಸ್ಟ್‌ನಲ್ಲಿ 280 ಬರುತ್ತದೆ, ಆಟ ಮಾತ್ರ ಹಾರುತ್ತದೆ. ಏನು ಮಾಡಲಿ?

ಘೋಡ್‌ಬಂದರ್_22ನೇಮಹಡಿ (ಠಾಣೆ)

ಎಲ್ಲರಿಗೂ ನಮಸ್ಕಾರ. ಘೋಡ್‌ಬಂದರ್ ರೋಡಿನ ಹೊಸ ಟವರ್ ಒಂದಕ್ಕೆ ಮನೆ ಬದಲಾಯಿಸಿದ್ದೇವೆ. 300 ಎಂಬಿಪಿಎಸ್ ಫೈಬರ್ ಪ್ಲಾನ್. ರೂಟರ್ ಹಾಲ್‌ನಲ್ಲಿ, ಬಾಗಿಲ ಪಕ್ಕದ ಚಪ್ಪಲಿ ಸ್ಟ್ಯಾಂಡ್ ಮೇಲಿದೆ. ಪಿಎಸ್5 ಗೇಮ್ ಕನ್ಸೋಲ್ ಒಳಗಿನ ಬೆಡ್‌ರೂಮಿನಲ್ಲಿ, ವೈಫೈ ಮೇಲೆ. ಹಾಲ್‌ನಲ್ಲಿ ಕೂತು ಫೋನಿನಲ್ಲಿ ಸ್ಪೀಡ್ ಟೆಸ್ಟ್ ಮಾಡಿದರೆ 280 ಬರುತ್ತದೆ. ಬೆಡ್‌ರೂಮಿನಲ್ಲೂ ಸಿನಿಮಾ ಆರಾಮಾಗಿ ಓಡುತ್ತದೆ. ಆದರೆ ಟೆಕ್ಕನ್ 8 ಆನ್‌ಲೈನ್ ಆಡಲು ಕೂತರೆ ಎದುರಾಳಿ ಇಲ್ಲಿ ಮಾಯವಾಗಿ ಅಲ್ಲಿ ಪ್ರತ್ಯಕ್ಷ, ನಾನು ಒದ್ದದ್ದೆಲ್ಲ ಗಾಳಿಗೆ. ರಾತ್ರಿ 9ರ ಮೇಲಂತೂ ಕೇಳಲೇಬೇಡಿ.

ಕೇಬಲ್‌ನವನಿಗೆ ಫೋನ್ ಮಾಡಿದರೆ "500ರ ಪ್ಲಾನ್ ತಗೊಳ್ಳಿ ಸರ್, ಎಲ್ಲ ಸರಿ ಹೋಗುತ್ತದೆ" ಅನ್ನುತ್ತಾನೆ. ಲ್ಯಾಮಿಂಗ್ಟನ್ ರೋಡಿನ ಅಂಗಡಿಯವನು ಎಂಟು ಆಂಟೆನಾದ ಗೇಮಿಂಗ್ ರೂಟರ್ ತೋರಿಸಿದ. 18 ಸಾವಿರ! ಯಾವುದಕ್ಕೆ ದುಡ್ಡು ಹಾಕಲಿ?

ವಾಕಡ್_ವೈರ್ (ಪುಣೆ)

ಸದ್ಯಕ್ಕೆ ಎರಡಕ್ಕೂ ಬೇಡ. ಆಟಕ್ಕೆ ಸ್ಪೀಡ್ ಬೇಕಾಗುವುದು ತೀರಾ ಕಡಿಮೆ. ಎಕ್ಸ್‌ಬಾಕ್ಸ್‌ನಲ್ಲಿ ಆನ್‌ಲೈನ್ ಆಡಲು ಮೈಕ್ರೋಸಾಫ್ಟ್ ಹೇಳುವುದೇ ಡೌನ್‌ಲೋಡ್ 3 ಎಂಬಿಪಿಎಸ್, ಅಪ್‌ಲೋಡ್ 0.5, ಪಿಂಗ್ (ಸಂದೇಶ ಹೋಗಿ ಉತ್ತರ ಬರಲು ಹಿಡಿಯುವ ಸಮಯ) 150 ಮಿಲಿಸೆಕೆಂಡಿನ ಒಳಗೆ ಅಂತ. ನಿಮ್ಮ ಹತ್ತಿರ ಅದರ ನೂರು ಪಟ್ಟು ಇದೆ. 500 ತಗೊಂಡರೆ ಗೇಮ್ ಬೇಗ ಡೌನ್‌ಲೋಡ್ ಆಗುತ್ತದೆ, ಅಷ್ಟೇ.

ಟೆಕ್ಕನ್ ಸೆಕೆಂಡಿಗೆ 60 ಫ್ರೇಮ್ ಓಡುತ್ತದೆ. ಅಂದರೆ ಒಂದು ಫ್ರೇಮ್‌ಗೆ ಸಿಗುವುದು ಹದಿನಾರು ಚಿಲ್ಲರೆ ಮಿಲಿಸೆಕೆಂಡ್. ಎದುರಾಳಿ ಒತ್ತಿದ ಬಟನ್ ಇನ್ನೂ ನಿಮಗೆ ತಲುಪಿಲ್ಲ ಅಂದರೆ ಆಟ ಸುಮ್ನೆ ಕಾಯುವುದಿಲ್ಲ, ಅವನು ಏನು ಒತ್ತಿರಬಹುದು ಅಂತ ಊಹೆ ಮಾಡಿ ಮುಂದೆ ಹೋಗುತ್ತದೆ. ಆಮೇಲೆ ನಿಜವಾದ ಬಟನ್ ಬಂದಾಗ ಊಹೆ ತಪ್ಪಿದ್ದರೆ ಹಿಂದೆ ಹೋಗಿ ತಿದ್ದುತ್ತದೆ. ಇದಕ್ಕೇ ರೋಲ್‌ಬ್ಯಾಕ್ ಅನ್ನುವುದು. ಪಿಂಗ್ ಒಂದೇ ಸಮ 60 ಇದ್ದರೆ ಇದು ಚೆನ್ನಾಗಿಯೇ ನಿಭಾಯಿಸುತ್ತದೆ. ಒಮ್ಮೆ 15, ಒಮ್ಮೆ 120, ಮತ್ತೆ 20 ಅಂತ ಕುಣಿದರೆ ತಿದ್ದಬೇಕಾದ ಫ್ರೇಮ್ ಜಾಸ್ತಿ ಆಗಿ ಮನುಷ್ಯ ಮಾಯವಾಗುತ್ತಾನೆ. ನಿಮಗೆ ಆಗುತ್ತಿರುವುದು ಇದೇ, ಪಿಂಗ್‌ನ ಈ ಕುಣಿತಕ್ಕೆ ಜಿಟ್ಟರ್ ಅನ್ನುತ್ತಾರೆ.

ಈಗ ಒಂದು ಕೆಲಸ ಮಾಡಿ. ಬೆಡ್‌ರೂಮಿನಲ್ಲಿ ಪಿಎಸ್5 ಪಕ್ಕ ಲ್ಯಾಪ್‌ಟಾಪ್ ಇಟ್ಟು ವೈಫೈ ಮೇಲೆ ನಿಮ್ಮ ರೂಟರ್‌ಗೇ ಪಿಂಗ್ ಹಾಕಿ, 192.168.1.1 ಇರಬಹುದು. ಒಂದೆರಡು ನಿಮಿಷ ಓಡಲಿ. ಇಂಟರ್ನೆಟ್‌ಗೆ ಅಲ್ಲ, ರೂಟರ್‌ಗೆ. ಬಂದದ್ದನ್ನು ಇಲ್ಲಿ ಹಾಕಿ.

ಘೋಡ್‌ಬಂದರ್_22ನೇಮಹಡಿ

ಹಾಕಿದೆ. 4, 3, 5, 88, 4, 61, ಒಂದು ಟೈಮ್‌ಔಟ್ (ಉತ್ತರವೇ ಬರಲಿಲ್ಲ), 3, 140... ಹೀಗೇ ಹೋಗುತ್ತದೆ. ಹಾಲ್‌ನಲ್ಲಿ ರೂಟರ್ ಎದುರು ಕೂತರೆ 2, 2, 3, 2.

ವಾಕಡ್_ವೈರ್

ಸಿಕ್ಕಿತಲ್ಲ. ಪ್ಯಾಕೆಟ್ (ಡೇಟಾದ ಪುಟ್ಟ ಕಟ್ಟು) ಇನ್ನೂ ನಿಮ್ಮ ಮನೆ ಬಾಗಿಲೇ ದಾಟಿಲ್ಲ, ಆಗಲೇ 140. ಇದರಲ್ಲಿ ಕೇಬಲ್‌ನವನ ಪಾತ್ರ ಇಲ್ಲ, ಪ್ಲಾನ್ ಯಾವುದಾದರೂ ಇದು ಹೀಗೇ ಇರುತ್ತದೆ.

ಹೊಸ ಟವರ್ ಅಂದಿರಲ್ಲ, ಬಹುಶಃ ಮೈವಾನ್ ಕಟ್ಟಡ. ಅಲ್ಯೂಮಿನಿಯಂ ಅಚ್ಚು ನಿಲ್ಲಿಸಿ ಒಳಗಿನ ಗೋಡೆಗಳನ್ನೂ ಕಬ್ಬಿಣದ ಸರಳು ಹಾಕಿದ ಕಾಂಕ್ರೀಟ್‌ನಲ್ಲೇ ಎರಕ ಹೊಯ್ಯುತ್ತಾರೆ. ಇಟ್ಟಿಗೆ ಅನ್ನುವುದೇ ಇಲ್ಲ. ನಮ್ಮ ವಾಕಡ್, ಹಿಂಜವಡಿ ಕಡೆಯ ಟವರ್‌ಗಳೂ ಬಹಳಷ್ಟು ಇದೇ ಥರ. 5 ಗಿಗಾಹರ್ಟ್ಸ್ ಸಿಗ್ನಲ್ ಅಂಥ ಎರಡು ಗೋಡೆ ದಾಟುವಷ್ಟರಲ್ಲಿ ಸುಸ್ತು. 2.4 ಸ್ವಲ್ಪ ದೂರ ಹೋಗುತ್ತದೆ, ಆದರೆ ಅದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಮೂರೇ: 1, 6, 11. 22ನೇ ಮಹಡಿಯಲ್ಲಿ ಫೋನ್ ತೆಗೆದು ನೋಡಿ, ಮೂವತ್ತು ವೈಫೈ ಕಾಣುತ್ತವೆ. ಎಲ್ಲರೂ ಆ ಮೂರರಲ್ಲೇ ತುರುಕಿಕೊಂಡಿರುತ್ತಾರೆ. ಒಂದು ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಲು ಸಾಧ್ಯ. ಪಕ್ಕದ ಮನೆಯ ಟಿವಿ ಮಾತಾಡಿ ಮುಗಿಸುವವರೆಗೆ ನಿಮ್ಮ ಪಿಎಸ್5 ಬಾಯಿ ಮುಚ್ಚಿಕೊಂಡು ಕೂರಬೇಕು. ರಾತ್ರಿ 9ಕ್ಕೆ ಯಾಕೆ ಹದಗೆಡುತ್ತದೆ ಅನ್ನುವುದಕ್ಕೆ ಅರ್ಧ ಉತ್ತರ ಇದು.

ರೂಟರ್‌ನಿಂದ ಪಿಎಸ್5ಗೆ ಲ್ಯಾನ್ ಕೇಬಲ್ ಎಳೆಯಿರಿ. ಬೇರೆ ಮಾತಿಲ್ಲ.

ಘೋಡ್‌ಬಂದರ್_22ನೇಮಹಡಿ

ಕಾಂಕ್ರೀಟ್ ಗೋಡೆಗೆ ಡ್ರಿಲ್ ಹಾಕಿದರೆ ಸೊಸೈಟಿ ಸೆಕ್ರೆಟರಿ ನನ್ನನ್ನೇ ಡ್ರಿಲ್ ಮಾಡುತ್ತಾರೆ.

ಮಾಟುಂಗಾ_ಮಾಮ (ಮುಂಬೈ)

ಡ್ರಿಲ್ ಯಾಕೆ ಮಾರಾಯರೇ, ಪೈಪು ಇರುತ್ತದಲ್ಲ! ಬೆಡ್‌ರೂಮಿನಲ್ಲಿ ಟಿವಿ ಪಾಯಿಂಟ್ ಇದೆಯಾ? ಅದರ ಹಿಂದೆ ಡಿಶ್‌ನ ದಪ್ಪ ಕೋ-ಆಕ್ಸ್ ಕೇಬಲ್ ಒಂದು ಪಿವಿಸಿ ಪೈಪಿನೊಳಗೆ ಹೋಗಿರುತ್ತದೆ. ಅದರ ಇನ್ನೊಂದು ತುದಿ ಹಾಲ್‌ನಲ್ಲೋ, ಬಾಗಿಲ ಹೊರಗಿನ ಡಕ್ಟ್‌ನಲ್ಲೋ ಸಿಗುತ್ತದೆ. ಡಿಶ್ ಯಾರೂ ನೋಡುವುದಿಲ್ಲ ತಾನೆ ಈಗ? ಹಳೇ ಕೇಬಲ್‌ನ ತುದಿಗೆ ಹೊಸ ಕ್ಯಾಟ್ 6 ಲ್ಯಾನ್ ಕೇಬಲ್ ಕಟ್ಟಿ ಆಚೆ ಕಡೆಯಿಂದ ಎಳೆಯುವುದು.

ಕಟ್ಟುವುದರಲ್ಲೇ ಎಲ್ಲ ಇರುವುದು. ಎರಡನ್ನೂ ಪಕ್ಕಪಕ್ಕ ಇಟ್ಟು ಗಂಟು ಹಾಕಿದರೆ ದಪ್ಪವಾಗಿ ಪೈಪಿನ ಬೆಂಡ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ಕೋ-ಆಕ್ಸ್‌ನ ಮೇಲಿನ ರಬ್ಬರ್ ಒಂದು ಗೇಣು ಸುಲಿದು, ನಡುವಿನ ತಾಮ್ರದ ತಂತಿ ಮಾತ್ರ ಉಳಿಸಿ, ಅದನ್ನು ಕ್ಯಾಟ್ 6ನ ಎರಡು ಜೋಡಿ ತಂತಿಗೆ ಹುರಿ ಮಾಡಿ, ಮೇಲೆ ಇನ್ಸುಲೇಶನ್ ಟೇಪನ್ನು ಎಳೆಯುವ ದಿಕ್ಕಿಗೆ ಚೂಪಾಗಿ ಬರುವ ಹಾಗೆ ಸುತ್ತಬೇಕು. ಟಾಲ್ಕಂ ಪೌಡರ್ ಹಾಕಿ. ಒಬ್ಬರು ಎಳೆಯಬೇಕು, ಇನ್ನೊಬ್ಬರು ಆ ಕಡೆಯಿಂದ ತಳ್ಳುತ್ತಾ ಇರಬೇಕು. ಜೋರಾಗಿ ಎಳೆದರೆ ಗಂಟು ಬಿಚ್ಚಿ ಪೈಪಿನ ನಡುವೆ ಉಳಿದುಹೋಗುತ್ತದೆ, ಆಮೇಲೆ ದೇವರೇ ಗತಿ. ಕನೆಕ್ಟರ್ ಎಳೆದ ಮೇಲೆ ಕ್ರಿಂಪ್ ಮಾಡಿಸಿ, ಮೊದಲೇ ಹಾಕಿಸಬೇಡಿ, ಪೈಪಿನಲ್ಲಿ ಹೋಗುವುದಿಲ್ಲ. ಕರೆಂಟ್ ವೈರ್ ಇರುವ ಪೈಪಿಗೆ ಮಾತ್ರ ಕೈ ಹಾಕಬೇಡಿ. ಅದೇ ಪೈಪಿನಲ್ಲಿ ಲ್ಯಾನ್ ಎಳೆಯುವ ಎಲೆಕ್ಟ್ರಿಷಿಯನ್‌ಗಳಿದ್ದಾರೆ, ನಿಮ್ಮ ಮನೆಗೆ ಅವರು ಬೇಡ.

ಲ್ಯಾಮಿಂಗ್ಟನ್ ರೋಡಿಗೆ ಮತ್ತೆ ಹೋದರೆ "ಪೂರ್ತಿ ತಾಮ್ರ" ಅಂತ ಬಾಯಿಬಿಟ್ಟು ಕೇಳಿ. ಅಗ್ಗಕ್ಕೆ ಸಿಗುವುದು ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟದ್ದು. ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ. ಕ್ಯಾಟ್ 8 ಅಂತ ಚಪ್ಪಟೆ ಕೇಬಲ್ ಮಾರುತ್ತಾರೆ, ಹೆಡೆ ಎತ್ತಿದ ಹಾವಿನ ಚಿತ್ರ ಬೇರೆ. ಬೇಡ. ಕ್ಯಾಟ್ 5ಇ ಸಾಕು, ನೂರು ಮೀಟರ್‌ವರೆಗೆ ಗಿಗಾಬಿಟ್ ಒಯ್ಯುತ್ತದೆ. ನಿಮ್ಮ ಫ್ಲಾಟ್ ನೂರು ಮೀಟರ್ ಇದ್ದರೆ ನನ್ನನ್ನೂ ಊಟಕ್ಕೆ ಕರೆಯಿರಿ.

ವಾಸ್ಕೊ_ಮಳೆ (ಗೋವಾ)

ಬಾಡಿಗೆ ಮನೆಯವರ ಕಥೆ ಏನು? ನಮ್ಮದು ಬೈನಾ ಹತ್ತಿರ ಹಳೇ ಮನೆ, ಪೈಪೂ ಇಲ್ಲ ಗೀಪೂ ಇಲ್ಲ. ಮಾಲೀಕರು ಮೊಳೆ ಹೊಡೆದರೂ ಮುಖ ಗಂಟಿಕ್ಕುತ್ತಾರೆ. ನನ್ನದು ಪಿಎಸ್4, ಮೊದಲು ಬಂದ ಮಾಡೆಲ್. ಅದಕ್ಕೆ ರೂಟರ್‌ನ 5 ಗಿಗಾಹರ್ಟ್ಸ್ ಹೆಸರೇ ಕಾಣುವುದಿಲ್ಲ. ಹಾಳಾಗಿದೆಯಾ?

ವಾಕಡ್_ವೈರ್

ಹಾಳಾಗಿಲ್ಲ. 2013ರ ಮೊದಲ ಪಿಎಸ್4ನಲ್ಲಿ ಇರುವುದೇ 2.4 ವೈಫೈ. 5 ಬಂದದ್ದು 2016ರ ಸ್ಲಿಮ್ ಮತ್ತು ಪ್ರೊಗೆ. ಆದ್ದರಿಂದ ನಿಮಗೆ ಎಲ್ಲರಿಗಿಂತ ಜಾಸ್ತಿ ಲ್ಯಾನ್ ಬೇಕು. ಹಳೇ ಮನೆಯಲ್ಲಿ ಬಾಗಿಲ ಚೌಕಟ್ಟಿನ ಅಂಚಿಗೆ, ನೆಲದ ಸ್ಕರ್ಟಿಂಗ್ ಮೇಲೆ ಅಂಟಿಸುವ ಪ್ಲಾಸ್ಟಿಕ್ ಪಟ್ಟಿ ಬರುತ್ತದೆ, ಮೊಳೆ ಬೇಡ. ಅದೂ ಆಗದಿದ್ದರೆ ಎರಡು ನೋಡ್‌ನ ಮೆಶ್ (ಒಂದಕ್ಕೊಂದು ಮಾತಾಡಿ ವೈಫೈ ಹರಡುವ ಜೋಡಿ ಪೆಟ್ಟಿಗೆ) ತಗೊಂಡು, ಎರಡನೆಯದನ್ನು ಟಿವಿ ಪಕ್ಕ ಇಟ್ಟು, ಅದರಿಂದ ಪಿಎಸ್4ಗೆ ಗಿಡ್ಡ ಲ್ಯಾನ್ ವೈರ್ ಕೊಡಿ. ಆಗ ಪಿಎಸ್4ನ ದರಿದ್ರ ವೈಫೈ ಬದಲು ಮೆಶ್‌ನ ಒಳ್ಳೆ ರೇಡಿಯೋ ಕೆಲಸ ಮಾಡುತ್ತದೆ. ವೈರ್‌ನಷ್ಟು ಚೆನ್ನಾಗಿರುವುದಿಲ್ಲ, ಆದರೆ ಈಗಿನದಕ್ಕಿಂತ ಎಷ್ಟೋ ವಾಸಿ. ಕರೆಂಟ್ ವೈರಿನಲ್ಲೇ ನೆಟ್ ಕಳಿಸುವ ಪವರ್‌ಲೈನ್ ಅಡಾಪ್ಟರ್ ಸಹ ಇದೆ. ಹಳೇ ವೈರಿಂಗ್‌ನಲ್ಲಿ ಅದೃಷ್ಟ ಪರೀಕ್ಷೆ, ಫ್ರಿಜ್ ಆನ್ ಆದಾಗ ಪಿಂಗ್ ಹಾರುವುದನ್ನು ನೋಡಿದ್ದೇನೆ. ವಾಪಸ್ ತಗೊಳ್ಳುವ ಅಂಗಡಿಯಿಂದ ಮಾತ್ರ ಕೊಳ್ಳಿ.

ವಾಸ್ಕೊ_ಮಳೆ

ಪಟ್ಟಿ ಐಡಿಯಾ ಚೆನ್ನಾಗಿದೆ. ಗೋವಾದವರಿಗೆ ನನ್ನದೊಂದು ಮಾತು. ಮಳೆಗಾಲಕ್ಕೆ ಮುಂಚಿನ ಸಿಡಿಲಿಗೆ ನಮ್ಮ ರೂಟರ್‌ನ ಪೋರ್ಟ್ ಸುಟ್ಟಿತ್ತು. ಕಂಬದಿಂದ ಮನೆಗೆ ತಾಮ್ರದ ಲ್ಯಾನ್ ಕೇಬಲ್ ಎಳೆದಿದ್ದರು, ಅದರಲ್ಲೇ ಬಂತು. ಈಗ ಮನೆ ಒಳಗಿನವರೆಗೆ ಫೈಬರ್ ಹಾಕಿಸಿಕೊಂಡಿದ್ದೇನೆ, ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ. ರೂಟರ್‌ಗೆ 12 ವೋಲ್ಟ್‌ನ ಪುಟ್ಟ ಯುಪಿಎಸ್ ಇಟ್ಟಿದ್ದೇನೆ. ಕರೆಂಟ್ ಕಣ್ಣು ಮಿಟುಕಿಸಿದರೂ ರೂಟರ್ ರೀಸ್ಟಾರ್ಟ್ ಆಗುವುದಿಲ್ಲ.

ಡೊಂಬಿವಲಿ_ಫಾಸ್ಟ್

ನನ್ನದು ಬೇರೆ ರಗಳೆ. ಲ್ಯಾನ್ ಇದೆ, ರೂಟರ್‌ಗೆ ಪಿಂಗ್ 1. ಹಗಲು ಆಟ ಬೆಣ್ಣೆ. ಸಂಜೆ ತಂಗಿ ಆಫೀಸಿಂದ ಬಂದಳು ಅಂದರೆ ಶುರು. ಅವಳ ಫೋನ್ ಫೋಟೋ, ವಿಡಿಯೋ ಎಲ್ಲ ಬ್ಯಾಕಪ್‌ಗೆ ಕಳಿಸುತ್ತದೆ, ನನ್ನ ಪಿಂಗ್ 12ರಿಂದ 230ಕ್ಕೆ. ಪ್ಲಾನ್ 100 ಎಂಬಿಪಿಎಸ್. ಈಗ ನಾನು ಪ್ಲಾನ್ ಏರಿಸಬೇಕಾ ಇಲ್ಲವಾ?

ವಾಕಡ್_ವೈರ್

ಏರಿಸಿದರೆ ಬ್ಯಾಕಪ್ ಬೇಗ ಮುಗಿಯುತ್ತದೆ, ಅಷ್ಟರ ಮಟ್ಟಿಗೆ ಉಪಯೋಗ. ಆದರೆ ಮುಗಿಯುವವರೆಗೆ ನರಳುವುದು ತಪ್ಪುವುದಿಲ್ಲ. ಇದರ ಹೆಸರು ಬಫರ್‌ಬ್ಲೋಟ್. ನಿಮ್ಮ ಲೈನಿನ ಅಪ್‌ಲೋಡ್ ತುಂಬಿದಾಗ ಹೆಚ್ಚಾದ ಪ್ಯಾಕೆಟ್‌ಗಳನ್ನು ರೂಟರ್ ಬಿಸಾಡದೆ ಸಾಲಾಗಿ ನಿಲ್ಲಿಸಿಕೊಳ್ಳುತ್ತದೆ. ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ನಿಮಗೆ ಬೇಕಿರುವುದು ಒಂದು ಕಾಫಿ, ನಿಮ್ಮ ಮುಂದಿನವರು ಮದುವೆ ಮನೆಗೆ ಇನ್ನೂರು ಇಡ್ಲಿ ಪಾರ್ಸೆಲ್ ಬರೆಸುತ್ತಿದ್ದಾರೆ. ಹೋಟೆಲ್ ದೊಡ್ಡದಾದರೆ ಇಡ್ಲಿ ಬೇಗ ಬರಬಹುದು, ಆದರೂ ಸಾಲು ಒಂದೇ ಅಲ್ವಾ? ಕಾಫಿಗೆ ಬೇರೆ ಕೌಂಟರ್ ಬೇಕು.

ಆ ಬೇರೆ ಕೌಂಟರ್‌ಗೆ ಎಸ್‌ಕ್ಯೂಎಂ ಅನ್ನುತ್ತಾರೆ. ಒಳಗೆ ಕೆಲಸ ಮಾಡುವುದು ಎಫ್‌ಕ್ಯೂ-ಕೋಡೆಲ್ ಅಥವಾ ಕೇಕ್ ಅನ್ನುವ ವಿಧಾನ. ಓಪನ್‌ಡಬ್ಲ್ಯುಆರ್‌ಟಿ ಅನ್ನುವ ಸಾಫ್ಟ್‌ವೇರ್ ಹಾಕಿದ ರೂಟರ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಪ್ರತಿ ಸಂಪರ್ಕಕ್ಕೂ ಬೇರೆ ಸಾಲು ಮಾಡಿ, ಸಣ್ಣ ಸಾಲಿನವರನ್ನು ಮೊದಲು ಬಿಡುತ್ತದೆ. ಆಟದ ಸಾಲು ಸಾಮಾನ್ಯವಾಗಿ ಸಣ್ಣದು, ಆದ್ದರಿಂದ ತಾನಾಗಿಯೇ ಮುಂದೆ ಹೋಗುತ್ತದೆ. ಒಂದೇ ಷರತ್ತು: ಸಾಲು ನಿಮ್ಮ ರೂಟರ್‌ನಲ್ಲೇ ಬೆಳೆಯಬೇಕು, ಕಂಪನಿಯ ಪೆಟ್ಟಿಗೆಯಲ್ಲಿ ಅಲ್ಲ. ಅದಕ್ಕೆ 100ರ ಲೈನ್ ಇದ್ದರೆ 88, 90 ಅಂತ ಸೆಟ್ ಮಾಡಬೇಕು. ಹತ್ತು ಎಂಬಿಪಿಎಸ್ ಬಿಟ್ಟುಕೊಟ್ಟ ಹಾಗೆ. ಕೆಲವರಿಗೆ ಇದು ಹೊಟ್ಟೆಉರಿ, ದುಡ್ಡು ಕೊಟ್ಟ ಸ್ಪೀಡ್ ನಾವೇ ಕಡಿಮೆ ಮಾಡುವುದಾ ಅಂತ. ಮಾಡಿ ನೋಡಿ, ಆಮೇಲೆ ಹೇಳಿ. ಅಗ್ಗದ ರೂಟರ್‌ನ ಪ್ರೊಸೆಸರ್ ದೊಡ್ಡ ಪ್ಲಾನ್‌ಗೆ ಈ ಲೆಕ್ಕ ಮಾಡಲಾರದು, ನಿಮ್ಮ 100ಕ್ಕೆ ಪರವಾಗಿಲ್ಲ.

ಕೊಥ್ರೂಡ್_ಕಾಫಿ (ಪುಣೆ)

ಸ್ವಲ್ಪ ನಿಲ್ಲಿ. ನಾನು ಗೇಮಿಂಗ್ ರೂಟರ್ ತಗೊಂಡೆ, ನನಗೆ ನಿಜವಾಗಿ ಉಪಯೋಗ ಆಯಿತು. ಎಲ್ಲರೂ ಸೇರಿ ಬೈಯುವುದು ಯಾಕೆ?

ವಾಕಡ್_ವೈರ್

ಆಗಿರಬಹುದು. ಅದರಲ್ಲಿ ಕ್ಯೂಒಎಸ್ (ಯಾವ ಪ್ಯಾಕೆಟ್ ಮೊದಲು ಹೋಗಬೇಕು ಅಂತ ನೋಡುವ ವ್ಯವಸ್ಥೆ) ಇದ್ದು, ಅದು ಎಫ್‌ಕ್ಯೂ-ಕೋಡೆಲ್ ಥರದ್ದಾಗಿದ್ದರೆ ಮೇಲೆ ಹೇಳಿದ್ದನ್ನೇ ಮಾಡುತ್ತಿದೆ. ನನ್ನ ತಕರಾರು ಬೆಲೆಯ ಮೇಲೆ. ಕೆಂಪು ಲೈಟಿಗೂ ಆಂಟೆನಾ ಲೆಕ್ಕಕ್ಕೂ ಸಿಂಗಾಪುರದ ಸರ್ವರ್‌ಗೆ ಬರುವ ಪಿಂಗ್‌ಗೂ ಸಂಬಂಧ ಇಲ್ಲ.

ಕೊಥ್ರೂಡ್_ಕಾಫಿ

ಸರಿ, ಒಪ್ಪಿದೆ, ಲೈಟ್ ಆರಿಸಿದ್ದೇನೆ. ಹಾಗಾದರೆ ಇದಕ್ಕೆ ಉತ್ತರ ಹೇಳಿ. ನನ್ನ ಪಿಎಸ್5 ನೆಟ್‌ವರ್ಕ್ ಟೆಸ್ಟ್‌ನಲ್ಲಿ ನ್ಯಾಟ್ ಟೈಪ್ 3 (ಹೊರಗಿನಿಂದ ಬರುವ ಸಂಪರ್ಕಕ್ಕೆ ತಡೆ ಇರುವ ಸ್ಥಿತಿ) ತೋರಿಸುತ್ತದೆ. ಗೆಳೆಯನ ಪಾರ್ಟಿಗೆ ಸೇರಿದರೆ ಅವನ ಧ್ವನಿ ಬರುವುದಿಲ್ಲ, ಮ್ಯಾಚ್ ಸಿಗಲು ಯುಗ ಬೇಕು.

ಡೊಂಬಿವಲಿ_ಫಾಸ್ಟ್

ಇದನ್ನು ನಾನು ಪಟ್ಟು ಹಿಡಿದು ಬಿಡಿಸಿದ್ದೇನೆ, ನಾನೇ ಹೇಳುತ್ತೇನೆ. ರೂಟರ್ ಪೇಜ್ ತೆರೆದು ವ್ಯಾನ್ ಐಪಿ (ರೂಟರ್‌ಗೆ ಹೊರಗಿನ ಕಡೆಯಿಂದ ಸಿಕ್ಕ ವಿಳಾಸ) ಯಾವುದು ನೋಡಿ. ಅದು 192.168 ಅಥವಾ 10ರಿಂದ ಶುರುವಾದರೆ ಮೊದಲು ಮನೆಯಲ್ಲೇ ಎರಡು ರೂಟರ್ ಒಂದರ ಹಿಂದೆ ಒಂದು ನ್ಯಾಟ್ (ಹಲವು ಸಾಧನಗಳಿಗೆ ಒಂದೇ ವಿಳಾಸ ಹಂಚುವುದು) ಮಾಡುತ್ತಿವೆಯಾ ನೋಡಿ. ಕಂಪನಿ ಕೊಟ್ಟ ಪೆಟ್ಟಿಗೆ ಒಂದು, ನೀವು ತಂದ ಗೇಮಿಂಗ್ ರೂಟರ್ ಇನ್ನೊಂದು. ಕಂಪನಿಯದ್ದನ್ನು ಬ್ರಿಡ್ಜ್ ಮೋಡ್‌ಗೆ (ನ್ಯಾಟ್ ಮಾಡದೆ ಹಾಗೇ ದಾಟಿಸುವುದು) ಹಾಕಿಸಿ, ಇಲ್ಲವೇ ನಿಮ್ಮದನ್ನು ಆಕ್ಸೆಸ್ ಪಾಯಿಂಟ್ (ವೈಫೈ ಮಾತ್ರ ಕೊಡುವುದು) ಮಾಡಿ. ಆಮೇಲೆ ಯುಪಿಎನ್‌ಪಿ (ಆಟಕ್ಕೆ ಬೇಕಾದ ಬಾಗಿಲನ್ನು ರೂಟರ್ ತಾನೇ ತೆರೆಯುವ ಸೆಟ್ಟಿಂಗ್) ಆನ್ ಮಾಡಿದರೆ ಸಾಮಾನ್ಯವಾಗಿ ಟೈಪ್ 2 ಬರುತ್ತದೆ. 2 ಸಾಕು, 1ರ ಆಸೆ ಬೇಡ.

ವ್ಯಾನ್ ಐಪಿ 100.64ರಿಂದ 100.127ರ ನಡುವೆ ಇದ್ದರೆ ಅದು ಸಿಜಿನ್ಯಾಟ್. ಕಂಪನಿ ಒಂದೇ ಪಬ್ಲಿಕ್ ಐಪಿಯನ್ನು ಹತ್ತಾರು ಮನೆಗೆ ಹಂಚಿದೆ ಅಂತ ಅರ್ಥ. ಕೆಲವರು 10ರ ಐಪಿಯನ್ನೂ ಇದಕ್ಕೇ ಬಳಸುತ್ತಾರೆ. ಆಗ ನೀವು ಮನೆಯಲ್ಲಿ ಕೂತು ಎಷ್ಟು ಪೋರ್ಟ್ ಫಾರ್ವರ್ಡ್ ಮಾಡಿದರೂ ದಂಡ, ಬಾಗಿಲು ಅವರ ಕಡೆ ಮುಚ್ಚಿದೆ. ತಿಂಗಳಿಗೆ ಇಷ್ಟು ಅಂತ ಕೊಟ್ಟು ಸ್ಟ್ಯಾಟಿಕ್ ಐಪಿ (ನಿಮಗೇ ಮೀಸಲಾದ ವಿಳಾಸ) ತಗೊಳ್ಳುವುದೇ ದಾರಿ. ನನಗೆ ಕಸ್ಟಮರ್ ಕೇರ್‌ನವರು ಹಿಂದಿ, ಮರಾಠಿ ಎರಡರಲ್ಲೂ "ಅಂಥದ್ದು ಇಲ್ಲ" ಅಂದರು. ಲೋಕಲ್ ಕೇಬಲ್ ಆಫೀಸಿಗೆ ಹೋಗಿ ಕೂತ ಮೇಲೆ ಅದೇ ದಿನ ಸಿಕ್ಕಿತು! ಎಕ್ಸ್‌ಬಾಕ್ಸ್ ಇದ್ದವರು ರೂಟರ್‌ನಲ್ಲಿ ಐಪಿವಿ6 (ಹೊಸ ಥರದ ಐಪಿ ವಿಳಾಸ) ಆನ್ ಇದೆಯಾ ನೋಡಿ, ಅದಿದ್ದರೆ ಬಹಳ ಸಲ ಈ ತಾಪತ್ರಯವೇ ಬರುವುದಿಲ್ಲ.

ವಾಸ್ಕೊ_ಮಳೆ

ಡಿಎನ್‌ಎಸ್ 8.8.8.8 ಅಥವಾ 1.1.1.1 ಹಾಕಿದರೆ ಪಿಂಗ್ ಇಳಿಯುತ್ತದೆ ಅಂತ ಎಲ್ಲ ವಿಡಿಯೋದಲ್ಲೂ ಹೇಳುತ್ತಾರಲ್ಲ?

ಮಾಟುಂಗಾ_ಮಾಮ

ವಿಡಿಯೋ ಮಾಡುವವರಿಗೂ ಹೊಟ್ಟೆಪಾಡು ಇರಬೇಕಲ್ಲ.

ವಾಕಡ್_ವೈರ್

ಡಿಎನ್‌ಎಸ್ ವಿಳಾಸ ಹುಡುಕಿ ಕೊಟ್ಟು ಪಕ್ಕಕ್ಕೆ ಸರಿಯುತ್ತದೆ. ಮ್ಯಾಚ್ ನಡೆಯುವಾಗ ಅದಕ್ಕೆ ಕೆಲಸವೇ ಇಲ್ಲ. ಸ್ಟೋರ್ ಬೇಗ ತೆರೆಯಬಹುದು ಅಷ್ಟೇ.

ಪಿಂಗ್‌ಗೆ ನಿಜವಾದ ಮಿತಿ ದೂರ. ಫೈಬರ್ ಗಾಜಿನಲ್ಲಿ ಬೆಳಕು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಹೋಗುತ್ತದೆ. ಮುಂಬೈಯಿಂದ ಬೆಂಗಳೂರಿನ ಎದುರಾಳಿಗೆ ನೇರ 850 ಕಿ.ಮೀ. ಆಸುಪಾಸು, ಹೋಗಿ ಬರಲು 8-9 ಮಿಲಿಸೆಕೆಂಡ್ ಬೇಕೇ ಬೇಕು. ಸಿಂಗಾಪುರ ನೇರವಾಗಿ 3900 ಕಿ.ಮೀ., ಅಂದರೆ 39ಕ್ಕಿಂತ ಕೆಳಗೆ ಯಾವ ರೂಟರ್ ತಂದರೂ ಇಳಿಯದು. ಕೇಬಲ್ ನೇರ ಹೋಗುವುದಿಲ್ಲ, ಆದ್ದರಿಂದ 60ರ ಹತ್ತಿರ ಬಂದರೆ ಚೆನ್ನಾಗಿದೆ ಅಂತಲೇ ತಿಳಿಯಿರಿ. ಆಟದ ಸೆಟ್ಟಿಂಗ್‌ನಲ್ಲಿ ಸರ್ವರ್ ಮುಂಬೈ ಅಂತ ಇದೆಯಾ ನೋಡಿ. ಅಮೆಜಾನ್ 2016ರಲ್ಲೇ ಮುಂಬೈಯಲ್ಲಿ ಕ್ಲೌಡ್ ಶುರು ಮಾಡಿದೆ, ಮೈಕ್ರೋಸಾಫ್ಟ್‌ನ ಸೆಂಟ್ರಲ್ ಇಂಡಿಯಾ ಅನ್ನುವುದು ನಮ್ಮ ಪುಣೆಯಲ್ಲೇ ಇದೆ. ಈ ವಿಷಯದಲ್ಲಿ ನಾವು ಪುಣ್ಯವಂತರು, ಊರಿನಲ್ಲಿ ಹುಬ್ಬಳ್ಳಿ ಕಡೆಯ ಗೆಳೆಯರಿಗೆ ನಮಗಿಂತ ಜಾಸ್ತಿ ಬರುತ್ತದೆ.

ಯುರೋಪ್ ಸರ್ವರ್‌ನಲ್ಲಿ ಆಡುವವರು ಸಮುದ್ರದ ಸುದ್ದಿಯನ್ನೂ ನೋಡಬೇಕು. 2025ರ ಸೆಪ್ಟೆಂಬರ್‌ನಲ್ಲಿ ಕೆಂಪು ಸಮುದ್ರದಲ್ಲಿ ಜೆಡ್ಡಾ ಹತ್ತಿರ ಕೇಬಲ್ ತುಂಡಾದಾಗ ಟ್ರಾಫಿಕ್ ಸುತ್ತು ಬಳಸಿ ಹೋಗುತ್ತಿತ್ತು. ಆಗ ರೂಟರ್ ರೀಸ್ಟಾರ್ಟ್ ಮಾಡಿ ಮಾಡಿ ಏನು ಸಿಗುತ್ತದೆ?

ಘೋಡ್‌ಬಂದರ್_22ನೇಮಹಡಿ

ಅಪ್‌ಡೇಟ್. ಮಾಮ ಹೇಳಿದ ಹಾಗೆ ಟಿವಿ ಪೈಪಿನಲ್ಲೇ ಕೇಬಲ್ ಬಂತು. ಪೌಡರ್ ಡಬ್ಬಿ ಅರ್ಧ ಖಾಲಿ, ಹೆಂಡತಿ ಕೇಳಿದರೆ ಗೊತ್ತಿಲ್ಲ ಅನ್ನುತ್ತೇನೆ. ಕ್ರಿಂಪ್ ಮಾಡಿದವನು ಮೊದಲು ನಾಲ್ಕೇ ತಂತಿ ಸರಿಯಾಗಿ ಕೂರಿಸಿದ್ದ, ಲಿಂಕ್ 100ರಲ್ಲೇ ನಿಂತಿತ್ತು. ಎಂಟೂ ಕೂರಿಸಿದ ಮೇಲೆ 1000. ಈಗ ಪಿಎಸ್5 ಕೇಬಲ್ ಬಿಚ್ಚಿ ಲ್ಯಾಪ್‌ಟಾಪ್‌ಗೆ ಹಾಕಿ ನೋಡಿದರೆ ರೂಟರ್‌ಗೆ ಪಿಂಗ್ ಒಂದೇ ಸಮ 1ರ ಒಳಗೆ. ಟೆಕ್ಕನ್‌ನಲ್ಲಿ ನನ್ನ ಹೆಸರಿನ ಪಕ್ಕ ವೈಫೈ ಗುರುತು ಹೋಗಿ ವೈರ್ ಗುರುತು ಬಂದಿದೆ. ಮೊದಲು ನನ್ನ ಜೊತೆ ಆಡಲು ಒಪ್ಪದವರು ಈಗ ಒಪ್ಪುತ್ತಿದ್ದಾರೆ. ಹೊಡೆಸಿಕೊಳ್ಳುವುದು ನಿಂತಿಲ್ಲ, ಅದು ಬೇರೆ.

ಆದರೆ ರಾತ್ರಿ 9ರಿಂದ 11 ಇನ್ನೂ ಆಗೊಮ್ಮೆ ಈಗೊಮ್ಮೆ ಹಾರುತ್ತದೆ. ಮನೆಯಲ್ಲಿ ಬೇರೆ ಯಾರೂ ನೆಟ್ ಬಳಸದಿದ್ದರೂ.

ವಾಕಡ್_ವೈರ್

ಈಗ ಹೊರಗಡೆ ನೋಡೋಣ. ಟ್ರೇಸ್‌ರೂಟ್ (ಪ್ಯಾಕೆಟ್ ಹೋಗುವ ದಾರಿ ತೋರಿಸುವ ಕಮಾಂಡ್) ಹಾಕಿ, ರೂಟರ್ ಆದಮೇಲೆ ಬರುವ ಮೊದಲ ವಿಳಾಸಕ್ಕೆ ಪಿಂಗ್ ಹಾಕಿ. ಅದು ಹಾರಿದರೆ ತೊಂದರೆ ನಿಮ್ಮ ಮತ್ತು ಕಂಪನಿಯ ನಡುವೆ. ಜೊತೆಗೆ ರೂಟರ್ ಪೇಜ್‌ನಲ್ಲಿ ಆಪ್ಟಿಕಲ್ ಪವರ್ ಅಂತ ಇರುತ್ತದೆ, ಅದರಲ್ಲಿ ಆರ್‌ಎಕ್ಸ್ (ನಿಮ್ಮ ಪೆಟ್ಟಿಗೆಗೆ ಬರುವ ಬೆಳಕಿನ ಬಲ) ಎಷ್ಟಿದೆ?

ಘೋಡ್‌ಬಂದರ್_22ನೇಮಹಡಿ

ಮೊದಲ ವಿಳಾಸಕ್ಕೇ ನೂರರಲ್ಲಿ ಮೂರು ನಾಲ್ಕು ಪ್ಯಾಕೆಟ್ ಕಳೆದುಹೋಗುತ್ತಿವೆ. ಆರ್‌ಎಕ್ಸ್ ಮೈನಸ್ 27.6.

ವಾಕಡ್_ವೈರ್

ಅಂಚಿನಲ್ಲಿದೆ! ಸಾಮಾನ್ಯವಾಗಿ ಮೈನಸ್ 15ರಿಂದ 25ರ ನಡುವೆ ಇದ್ದರೆ ನೆಮ್ಮದಿ. 27 ದಾಟಿದರೆ ಪೆಟ್ಟಿಗೆಗೆ ಬೆಳಕು ಸರಿಯಾಗಿ ಕಾಣುವುದಿಲ್ಲ. ಎಲ್ಲೋ ಫೈಬರ್ ಮಡಚಿದೆ, ಇಲ್ಲವೇ ಕನೆಕ್ಟರ್‌ನಲ್ಲಿ ಧೂಳು. ರೂಟರ್ ಹಿಂದಿನ ತೆಳ್ಳಗಿನ ವೈರ್ ನೋಡಿ. ತುದಿ ಬಿಚ್ಚಿ ಒಳಗೆ ಮಾತ್ರ ಕಣ್ಣಿಟ್ಟು ನೋಡಬೇಡಿ, ಅದು ಲೇಸರ್.

ಘೋಡ್‌ಬಂದರ್_22ನೇಮಹಡಿ

ಚಪ್ಪಲಿ ಸ್ಟ್ಯಾಂಡ್! ಅದರ ಹಿಂದಿನ ಕಾಲು ಮತ್ತು ಗೋಡೆಯ ನಡುವೆ ಆ ವೈರ್ ಸಿಕ್ಕಿಕೊಂಡು ತೊಂಬತ್ತು ಡಿಗ್ರಿ ಮಡಚಿದೆ. ಇನ್‌ಸ್ಟಾಲ್ ಮಾಡಿದವನು ಹಾಗೇ ತುರುಕಿ ಹೋಗಿದ್ದಾನೆ. ಸ್ಟ್ಯಾಂಡ್ ನಾಲ್ಕು ಬೆರಳು ಮುಂದೆ ಎಳೆದೆ, ಮೈನಸ್ 21.9ಕ್ಕೆ ಬಂತು. ಇವತ್ತು ರಾತ್ರಿ ಆಡಿ ಹೇಳುತ್ತೇನೆ.

ಕೊಥ್ರೂಡ್_ಕಾಫಿ

ಅಷ್ಟೇ ಆದರೆ ರಾತ್ರಿ ಮಾತ್ರ ಯಾಕೆ ಹಾರಬೇಕು? ಮಡಚಿದ ವೈರ್ ಹಗಲೂ ಮಡಚಿಯೇ ಇರುತ್ತದಲ್ಲ.

ವಾಕಡ್_ವೈರ್

ಒಳ್ಳೆ ಪ್ರಶ್ನೆ. ಹಗಲೂ ಹಾರುತ್ತಿತ್ತೋ ಏನೋ, ಅವರು ಹಗಲು ಆಫೀಸಿನಲ್ಲಿ ಇರುತ್ತಾರೆ. ಇನ್ನೊಂದು ಸಾಧ್ಯತೆ ಹಂಚಿಕೆ. ಜಿಪಿಒಎನ್ ಅನ್ನುವ ಹಂಚಿಕೆಯ ಫೈಬರ್‌ನಲ್ಲಿ ಒಂದು ಎಳೆಯನ್ನು 32 ಅಥವಾ 64 ಮನೆಗೆ ಸೀಳಿರುತ್ತಾರೆ, ಎಲ್ಲರಿಗೂ ಸೇರಿ ಡೌನ್‌ಲೋಡ್ 2.5 ಗಿಗಾಬಿಟ್ ಸಿಗುತ್ತದೆ. ಟವರ್ ತುಂಬಾ ಜನ ಒಟ್ಟಿಗೆ ಕೂತರೆ ಮತ್ತೆ ಸಾಲು. ಇವತ್ತು ರಾತ್ರಿಯೂ ಮೊದಲ ವಿಳಾಸಕ್ಕೆ ಪಿಂಗ್ ಏರಿದರೆ ಆ ಸ್ಕ್ರೀನ್‌ಶಾಟ್ ತಗೊಂಡು ಕಂಪ್ಲೇಂಟ್ ಹಾಕಿ. "ಗೇಮ್ ಲ್ಯಾಗ್ ಆಗುತ್ತಿದೆ" ಅಂದರೆ ರೂಟರ್ ರೀಸ್ಟಾರ್ಟ್ ಮಾಡಿ ಅನ್ನುತ್ತಾರೆ. "ನಿಮ್ಮ ಗೇಟ್‌ವೇಗೆ ನಾಲ್ಕು ಪರ್ಸೆಂಟ್ ಪ್ಯಾಕೆಟ್ ಲಾಸ್, ಸಮಯ ಇದು" ಅಂದರೆ ಮನುಷ್ಯರನ್ನು ಕಳಿಸುತ್ತಾರೆ.

ಡೊಂಬಿವಲಿ_ಫಾಸ್ಟ್

ಎಸ್‌ಕ್ಯೂಎಂ ಹಾಕಿದೆ, 88ಕ್ಕೆ ಕಟ್ಟಿದೆ. ತಂಗಿ ಬ್ಯಾಕಪ್ ಓಡುವಾಗ ಪಿಂಗ್ 16. ಅವಳಿಗೆ ವ್ಯತ್ಯಾಸವೇ ಗೊತ್ತಾಗಿಲ್ಲ.

ವಾಸ್ಕೊ_ಮಳೆ

ಕೊನೆಗೆ ನನ್ನದೊಂದು. ತಮ್ಮನ ಹತ್ತಿರ ನಿಂಟೆಂಡೊ ಸ್ವಿಚ್ ಇದೆ, 2017ರದ್ದು. ಪಟ್ಟಿ ಅಂಟಿಸುವಾಗಲೇ ಅದಕ್ಕೂ ಒಂದು ಕೇಬಲ್ ಎಳೆಯುತ್ತೇನೆ. ಡಾಕ್‌ನಲ್ಲಿ ಲ್ಯಾನ್ ತೂತು ಕಾಣುತ್ತಿಲ್ಲ.

ವಾಕಡ್_ವೈರ್

ಇಲ್ಲ. ಡಾಕ್‌ನಲ್ಲಿ ಲ್ಯಾನ್ ಬಂದದ್ದು 2021ರ ಒಎಲ್‌ಇಡಿ ಮಾಡೆಲ್‌ನಿಂದ. ಹಳೆಯದಕ್ಕೆ ಡಾಕ್‌ನ ಯುಎಸ್‌ಬಿಗೆ ಹಾಕುವ ಲ್ಯಾನ್ ಅಡಾಪ್ಟರ್ ಬೇಕು. ಎಲ್ಲ ಅಡಾಪ್ಟರ್ ಹಿಡಿಯುವುದಿಲ್ಲ, ಡಬ್ಬಿ ಮೇಲೆ ಸ್ವಿಚ್‌ಗೆ ಆಗುತ್ತದೆ ಅಂತ ಬರೆದದ್ದನ್ನೇ ತಗೊಳ್ಳಿ. ಮತ್ತೆ ಕೇಬಲ್ ಎರಡು ಎಳೆಯಬೇಡಿ. ಒಂದೇ ಎಳೆದು ಟಿವಿ ಪಕ್ಕ ಐದು ಪೋರ್ಟಿನ ಗಿಗಾಬಿಟ್ ನೆಟ್‌ವರ್ಕ್ ಸ್ವಿಚ್ ಡಬ್ಬಿ (ಒಂದು ಕೇಬಲನ್ನು ಹಲವಕ್ಕೆ ಹಂಚುವುದು) ಇಡಿ, ಪಿಎಸ್4ಗೂ ಅದರಿಂದಲೇ ಕೊಡಿ.